ಮಸ್ಕತ್ ಖಾತೆಯೂ ಹೊನ್ನಾಳಿ ದುಡ್ಡೂ

ನಿನ್ನೆ ಮಧ್ಯಾಹ್ನ ಊಟ ಮಾಡಿ ಒರಗಿದೋಳಿಗೆ ಮತ್ತೆ ಅದೇ ಕನಸು. ಬ್ಯಾಂಕಿನ ಕಿಂಡಿಯೊಳಗಿಂದ ನನ್ನ ನೋಟೆಲ್ಲ ಹೊರಗೆ ತಳ್ತಾ ಇದಾರೆ, ನಾನು ಸೆರಗೊಡ್ಡಿ ಹಿಡೀತಿದೀನಿ, ಹಿಡಿದಷ್ಟೂ ಬೀಳ್ತಾವೆ...

ಎದ್ದು ನೀರು ಕುಡಿದೆ. ನಲವತ್ತು ವರ್ಷದ ಮೇಲಾಯ್ತು, ಆ ಕಿಂಡಿ ಇನ್ನೂ ನನ್ನ ಬಿಟ್ಟಿಲ್ಲ.

ಎಂಬತ್ತನೇ ಇಸವಿ ಆಸುಪಾಸು. ನಮ್ಮ ಯಜಮಾನ್ರು ಮಸ್ಕತ್‌ನಲ್ಲಿ ಲಾರಿ ಓಡಿಸ್ತಿದ್ರು. ಹೊನ್ನಾಳಿ ಬ್ಯಾಂಕಲ್ಲಿ ಅವರ ಹೆಸರಿಗೆ ಒಂದು ಫಾರಿನ್ ಖಾತೆ. ಅಲ್ಲಿಂದ ಕಳಿಸಿದ್ದು ಅದಕ್ಕೇ ಬೀಳೋದು. ಮನೆ ಖರ್ಚಿಗೆ ನಾನು ಸೈನ್ ಮಾಡಿ ತೆಗೀಬಹುದು ಅಂತ ಬ್ಯಾಂಕಿಗೆ ಬರೆದುಕೊಟ್ಟಿದ್ರು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧಕ್ಕೇ. ಒಂದು ಚೆಕ್ ಬರೆಯಾಕೆ ಮುಂಚೆ ಹಳೇ ಕ್ಯಾಲೆಂಡರ್ ಹಿಂದೆ ಹತ್ತು ಸಲ ಸೈನ್ ಮಾಡಿ ನೋಡ್ತಿದ್ದೆ.

ಬಾಡಿಗೆ, ಹಾಲು, ಕಿರಾಣಿ ಎಲ್ಲಕ್ಕೂ ಅದೇ ಖಾತೆ. ಅಂಗಡಿ ಬಸಣ್ಣ ಚೆಕ್ಕನ್ನ ಬಿಸಿಲಿಗೆ ಹಿಡಿದು, "ಏನಕ್ಕಾ, ಉದ್ದಿನಬೇಳೆಗೂ ಮಸ್ಕತ್ ದುಡ್ಡೇ ಆಗ್ಬೇಕಾ?" ಅಂತ ಕಾಡ್ಸೋನು.

ಒಂದ್ಸಲ ನಮ್ಮತ್ತೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಎಂಟುನೂರು ತೆಗೆದೆ. ದಾವಣಗೆರೆಗೆ ಹೋದ್ರೆ ಡಾಕ್ಟರು, ಕೆಮ್ಮು ನಿಲ್ಲಲಿ, ಮುಂದಿನ ತಿಂಗಳು ಬರ್ರಿ ಅಂದ್ರು.

ಈಗ ಈ ದುಡ್ಡು ಎಲ್ಲಿಡೋದು? ಬಾಡಿಗೆ ಮನೆ, ಚಿಲಕ ಸಡಿಲ. ಇದು ಕಳೆದ್ರೆ ಅತ್ತೆ ಕಣ್ಣೇ ಹೋಯ್ತು. ಅಕ್ಕಿ ಡಬ್ಬಿಲಿ ಇಟ್ಟೆ, ತೆಗೆದೆ. ದೇವರ ಫೋಟೋ ಹಿಂದೆ ಇಟ್ಟೆ, ತೆಗೆದೆ...

ಪಕ್ಕದ ಮನೆಯಿಂದ ತಂದ ಸಕ್ಕರೆ ಮಿಕ್ಕಿದ್ರೆ ವಾಪಸ್ ಕೊಡಲ್ವಾ, ಹಂಗೇ ಬ್ಯಾಂಕಿಗೇ ಕೊಟ್ಟುಬಿಡಾಣ ಅಂತ ಹೋದೆ.

ಕ್ಲರ್ಕು ನಾನು ತುಂಬಿಕೊಟ್ಟ ಚೀಟಿಲಿ ಖಾತೆ ನಂಬರ್ ನೋಡಿ ದುಡ್ಡು ವಾಪಸ್ ತಳ್ಳಿದ್ರು. "ಇದಕ್ಕೆ ಹೊರದೇಶದ ದುಡ್ಡೇ ಬರ್ಬೇಕಮ್ಮ. ತೆಗೀಬಹುದು, ಹಾಕಂಗಿಲ್ಲ."

"ಮೊನ್ನೆ ಇಲ್ಲೇ ಕೊಟ್ಟಿದ್ದಲ್ರೀ! ನೋಡ್ರಿ, ನೀವು ಹೊಡೆದ ಪಿನ್ನೂ ಹಂಗೇ ಐತೆ."

"ಬಾಗಿಲು ದಾಟಿದ ಮೇಲೆ ಅದು ಹೊನ್ನಾಳಿ ದುಡ್ಡಾಯ್ತು ಕಣಮ್ಮ."

ಸಾಲಲ್ಲಿದ್ದೋರೆಲ್ಲ ನಕ್ರು. ನಾನು ನೋಟೆಲ್ಲ ಸೆರಗಲ್ಲಿ ಗಂಟು ಹಾಕ್ಕೊಂಡೆ. ಕಾನೂನು ತಪ್ಪಿದೆನೇನೋ, ಯಜಮಾನ್ರಿಗೆ ಅಲ್ಲಿ ಏನಾದ್ರೂ ತೊಂದ್ರೆ ಆಗುತ್ತೇನೋ...

ಮ್ಯಾನೇಜರ್ ಕರೆದು ಕೂರಿಸಿ, ನಿಮ್ಮ ಹೆಸರಲ್ಲೇ ಒಂದು ಉಳಿತಾಯ ಖಾತೆ ತೆಗೀರಿ, ಅದಕ್ಕೆ ಹಾಕ್ರಿ ಅಂದ್ರು. ಗುರುತಿನೋರ ಸೈನ್ ಬೇಕಂತೆ. ಓಡಿದೆ ಬಸಣ್ಣನ ಅಂಗಡಿಗೆ. ಆವತ್ತು ಕಾಡಿಸ್ಲಿಲ್ಲ, ತಕ್ಕಡಿ ಬಿಟ್ಟು ಬಂದು ಸೈನ್ ಹಾಕ್ದ.

ಮನೆಗೆ ಬಂದು ಹೇಳಿದ್ರೆ ಅತ್ತೆ, "ನನ್ನ ಕಣ್ಣಿನ ದುಡ್ಡು ನಿನ್ನ ಹೆಸರಿಗಾ? ಜಾಣೆ ಬಿಡವ್ವ!" ಅಂದ್ರು.

ಆ ತಿಂಗಳು ಪೂರ್ತಿ ನಂಗೆ ಅನ್ನ ಸೇರಲಿಲ್ಲ. ದಿನಾ ಪಾಸ್‌ಬುಕ್ ತೆಗೆದು, ಎಂಟುನೂರು ಹಂಗೇ ಐತಾ ಅಂತ ನೋಡೋದು. ಪುಸ್ತಕದಾಗೆ ಬರೆದಿದ್ದು ಎಲ್ಲಿಗೆ ಹೋಗುತ್ತೆ ಅನ್ನೋ ಬುದ್ಧಿನೂ ಇರಲಿಲ್ಲ.

ಕೊನೆಗೂ ಆಪರೇಷನ್ ಆಯ್ತು, ಖರ್ಚು ಕಳೆದು ಖಾತೇಲಿ ಒಂದಿಷ್ಟು ಚಿಲ್ಲರೆ ಉಳೀತು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಅತ್ತೆ, "ಎಲ್ಲಿ, ತಾರೇ ಆ ಪುಸ್ತಕ" ಅಂದ್ರು. ಓದಾಕೆ ಬರ್ತಿರಲಿಲ್ಲ ಅವರಿಗೆ. ಮೊದಲ ಪುಟ ಹತ್ರ ಹಿಡಿದು, ದೂರ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಿಟ್ಟು ಕೇಳ್ತಾರೆ, "ಇದೇನಾ ನೀನು?"

ಹೂಂ ಅತ್ತೆ, ಅಂದೆ.

"ಪೂರ್ತಿ ಖಾಲಿ ಮಾಡ್ಬೇಡ ಕಣೆ. ಒಂದೈದು ರೂಪಾಯಿ ಬಿಟ್ಟಿರು, ನಿನ್ನ ಹೆಸರು ಉಳೀಲಿ."

ನಿಮ್ಮ ಮನೆ ಪಾಸ್‌ಬುಕ್ಕಿನ ಮೊದಲ ಪುಟದಾಗೆ ಯಾರ ಹೆಸರೈತೆ, ತೆಗೆದು ನೋಡ್ರಿ... ನೋಡಿದ್ರೂ ಇನ್ನೊಂದ್ಸಲ ನೋಡ್ರಿ.