ಮೊದಲ ಬಟ್ಟಲು ಗೋಧಿ ಗಂಜಿ

ಆಸ್ಪತ್ರೆಯ ಹಿಂಬದಿಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ರಾಜ್ಯಭಾರ ಮಾಡಿದವರು ಸೌಟಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಸಿಂಹಾಸನ, ಹಿತ್ತಿಲ ಬಾಗಿಲ ಬಳಿ ಬೋರಲು ಹಾಕಿದ ತರಕಾರಿ ಪೆಟ್ಟಿಗೆ. ಕಿರೀಟ, ಗಂಜಿಗೆ ಕೂದಲು ಬೀಳದಂತೆ ಹಾಕುವ ಬಿಳಿ ಟೋಪಿ. ಬೀಳಲು ಅಲ್ಲಿ ಕೂದಲು ಉಳಿದಿರಲಿಲ್ಲ, ಅದು ಬೇರೆ ಮಾತು. ಆಯುಧ, ಎದೆಯೆತ್ತರದ ಸೌಟು. ಪ್ರಜೆಗಳು, ಮೂರು ಮಹಡಿಗಳ ಇನ್ನೂರು ರೋಗಿಗಳು. ಅವರ ರಾಜನಿಷ್ಠೆ ಮಾತ್ರ ನಂಬುವ ಹಾಗಿರಲಿಲ್ಲ. ವಾಸಿಯಾದ ಮರುಗಳಿಗೆಯೇ ಗಂಟುಮೂಟೆ ಕಟ್ಟಿ ರಾಜ್ಯ ಬಿಟ್ಟು ಓಡುತ್ತಿದ್ದರು.

ಬೆಳಿಗ್ಗೆ ಏಳಕ್ಕೆ ಬಿಸಿ ಗೋಧಿ ಗಂಜಿ ವಾರ್ಡುಗಳಿಗೆ ಹೊರಡಬೇಕು. ಆದರೆ ಅದಕ್ಕೂ ಮೊದಲು ಒಂದು ವಿಧಿ. ಕೊಪ್ಪರಿಗೆಯಿಂದ ಮೊದಲ ಬಟ್ಟಲನ್ನು ಅಡುಗೆಯವನೇ ಉಣ್ಣಬೇಕು, ಬಾಗಿಲ ಹಿಂದೆ ತೂಗುಹಾಕಿದ ಕೆಂಪು ಪುಸ್ತಕದಲ್ಲಿ ಸಹಿ ಮಾಡಬೇಕು. ಸೌಟಪ್ಪನವರಿಗಿಂತ ಹಿಂದಿದ್ದ ಮಹಾಶಯನೊಬ್ಬ ಸಕ್ಕರೆ ಎಂದುಕೊಂಡು ಪಾತ್ರೆ ತೊಳೆಯುವ ಸೋಡಾ ಸುರಿದಿದ್ದನಂತೆ. ಅಂದಿನಿಂದ ಈ ನಿಯಮ. ಬೇರೆಯವರಿಗೆ ಅದು ಪ್ರಾಣಕ್ಕೆ ಒದಗಿದ ಪರೀಕ್ಷೆ ಎನಿಸಬಹುದಿತ್ತು. ಸೌಟಪ್ಪನವರಿಗೆ ಅದು ದಿನನಿತ್ಯದ ಪಟ್ಟಾಭಿಷೇಕ.

ಕಾರಣ ಇಷ್ಟೇ. ಅವರು ಏಳು ಮಕ್ಕಳ ಮನೆಯಲ್ಲಿ ಆರನೆಯವರು. ಏಳನೆಯದು ಕೂಸು, ಅದಕ್ಕೆ ಮೊದಲು. ಉಳಿದವರಿಗೆ ವಯಸ್ಸಿನ ಪ್ರಕಾರ. ಹಾಗಾಗಿ ಇವರ ಪಾಲಿಗೆ ಬರುತ್ತಿದ್ದುದು ಪಾತ್ರೆಯ ತಳ ಕೆರೆದಾಗ ಬಂದದ್ದು, ಅದೂ ಸೀದ ವಾಸನೆಯೊಂದಿಗೆ. ತುಂಬಿದ ಪಾತ್ರೆಯ ಮೇಲ್ಭಾಗ ಹೇಗಿರುತ್ತದೆ ಎಂದು ಅವರಿಗೆ ತಿಳಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಈ ಕೆಲಸಕ್ಕೆ ಸೇರಿದ ದಿನ. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಕುಳಿತು, ಅಂಚು ನೆಗ್ಗಿದ ಒಂದು ಬಟ್ಟಲಲ್ಲಿ, ಊದಿ ಊದಿ, ಹನ್ನೊಂದು ಚಮಚ. ಲೋಕವೆಲ್ಲ ಹಸಿದು ಕಾಯುತ್ತಿರುವಾಗ ಆರನೆಯ ಮಗ ಮೊದಲು ಉಣ್ಣುತ್ತಿದ್ದ. ಬಳಿಕ ಕೆಂಪು ಪುಸ್ತಕದಲ್ಲಿ ಬರೆಯುತ್ತಿದ್ದರು: ‘ತಿಂದೆ. ಸರಿಯಾಗಿದೆ.’

ಇಂಥ ಸುಭಿಕ್ಷ ಕಾಲದಲ್ಲಿ ರೋಗಿಗಳ ಊಟ ನಿಗದಿ ಮಾಡಲು ಪಥ್ಯದ ಮೇಡಂ ಬಂದರು. ವಯಸ್ಸು ಮೂವತ್ತೂ ದಾಟಿರಲಿಲ್ಲ. ಬಂದ ವಾರದಲ್ಲೇ ಗೋಡೆಗೆ ಒಂದು ಪಟ್ಟಿ ಅಂಟಿಸಿದರು: ಗೋಧಿ ಗಂಜಿಯ ಗುಣ ಒಂದು ಕಡೆ, ದೋಷ ಇನ್ನೊಂದು ಕಡೆ. ಸೌಟಪ್ಪ ಕನ್ನಡಕ ಹಾಕಿಕೊಂಡು ಗುಣಗಳನ್ನು ಓದಿದರು. ಹೊಟ್ಟೆ ತುಂಬಾ ಹೊತ್ತು ತುಂಬಿರುತ್ತದೆ, ನುಚ್ಚಿನಲ್ಲಿ ತೌಡು ಉಳಿದಿದ್ದರೆ ನಾರಿನಂಶ ಸಿಗುತ್ತದೆ, ಮಲಬದ್ಧತೆಗೆ ಒಳ್ಳೆಯದು, ಅಗಿಯಲಾರದವರಿಗೂ ಸಲೀಸು. ಇದೆಲ್ಲ ತಮ್ಮ ಸ್ವಂತ ಸಾಧನೆ ಎಂಬಂತೆ ತಲೆಯಾಡಿಸಿದರು. ದೋಷಗಳ ಕಡೆ ಬಂದಾಗ ಹುಬ್ಬು ಗಂಟಿಕ್ಕಿತು. ನಯವಾದ ರವೆಯಾದರೆ ನಾರು ಹೋಗಿ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಸುರಿಯುವ ಸಕ್ಕರೆ ಇನ್ನೂ ಕೇಡು, ಒಬ್ಬರಿಗೆ ಒಂದೇ ಬಟ್ಟಲು ಸಾಕು. ಬರೀ ನೀರಲ್ಲಿ ಬೇಯಿಸಿದರೆ ಪ್ರೋಟೀನ್ ಸಾಲದು. ಧಾನ್ಯದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಜೊತೆಗೆ ಹುಳಿಹಣ್ಣು ಬೇಕು. ಕೊನೆಯ ಸಾಲು: ಕೆಲವರಿಗೆ ಗೋಧಿಯೇ ಆಗದು.

“ಮೇಡಂ,” ಎಂದರು ಸೌಟಪ್ಪ, “ಇಷ್ಟು ವರ್ಷದಲ್ಲಿ ಗೋಧಿ ಆಗದವನನ್ನ ನಾನಂತೂ ನೋಡಿಲ್ಲ. ಆ ಪುಣ್ಯಾತ್ಮ ಸಿಕ್ಕಿದ್ರೆ ಕರ್ಕೊಂಡು ಬನ್ನಿ, ಹಾರ ಹಾಕ್ತೀನಿ.”

ಯುದ್ಧ ಒಂದು ತಿಂಗಳು ನಡೆಯಿತು. ರವೆ ಸೋತು ನುಚ್ಚು ಗೆದ್ದಿತು. ಸಕ್ಕರೆ ಅರ್ಧಕ್ಕರ್ಧ ಇಳಿಯಿತು, ಹಾಲು ಒಳಗೆ ನುಗ್ಗಿತು, ಪ್ರತಿ ಬಟ್ಟಲಿನ ಪಕ್ಕ ಎರಡು ತೊಳೆ ಕಿತ್ತಳೆ ಕಾವಲಿಗೆ ನಿಂತವು. ಸೌಟಪ್ಪ ದಿನವೂ ಗೊಣಗಿದರು. ಆದರೆ ನುಚ್ಚನ್ನು ಹದವಾಗಿ ಹುರಿದಾಗ ಏಳುವ ಪರಿಮಳಕ್ಕೆ ಒಳಗೊಳಗೇ ಶರಣಾದರು. ಹನ್ನೊಂದು ಚಮಚ ಹನ್ನೆರಡಾಯಿತು.

ಆ ಹೊತ್ತಿಗೇ ಅವರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಹೊಟ್ಟೆ ಉಬ್ಬರ, ಸುಸ್ತು, ಮುಖ ಬಿಳಿಚಿಕೊಂಡಿತು. ಹೆಂಡತಿ, “ಊರಿಗೆಲ್ಲ ಬಡಿಸ್ತೀರಿ, ನಿಮ್ಮ ಮೈಗೆ ಮಾತ್ರ ಏನೂ ಹತ್ತಲ್ಲ,” ಎಂದು ಬೈದು, ಕೈಹಿಡಿದು ಅದೇ ಆಸ್ಪತ್ರೆಯ ಮುಂಬಾಗಿಲಿನಿಂದ ಕರೆದುಕೊಂಡು ಬಂದರು. ರಕ್ತ ತೆಗೆದರು, ಕೊಳವೆ ಇಳಿಸಿ ಕರುಳು ನೋಡಿದರು. ಕೊನೆಗೆ ಡಾಕ್ಟರು ಹೇಳಿದ್ದು ಇಷ್ಟು: ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇವರ ಕರುಳಿಗೆ ಶತ್ರು. ಜೀವನಪೂರ್ತಿ ಗೋಧಿ ಬಿಡಬೇಕು. ಒಂದು ಚಮಚವೂ ಕೂಡದು. ನುಚ್ಚು ಹುರಿಯುವಾಗ ಮುಖಕ್ಕೆ ಮಾಸ್ಕ್.

ಗೋಡೆಯ ಪಟ್ಟಿಯ ಕೊನೆಯ ಸಾಲು ಕಾಲು ಬಂದು ಎದುರು ನಿಂತಿತ್ತು. ಹಾರ ಹಾಕುವ ಮಾತನ್ನು ಪಥ್ಯದ ಮೇಡಂ ಎತ್ತಲಿಲ್ಲ. ಎತ್ತಿದ್ದರೇ ವಾಸಿಯಿತ್ತು ಎನಿಸಿತು ಸೌಟಪ್ಪನವರಿಗೆ.

ಮನೆಯಲ್ಲಿ ಹೆಂಡತಿ ಅಕ್ಕಿ ಗಂಜಿ ಮಾಡಿಕೊಟ್ಟರು, ಜೋಳದ ಗಂಜಿ ಮಾಡಿಕೊಟ್ಟರು. ಸೌಟಪ್ಪ ಉಂಡರು, ದಪ್ಪವಾದರು, ಕೆನ್ನೆಗೆ ಬಣ್ಣ ಬಂತು. ಆದರೂ ಬಟ್ಟಲ ಮುಂದೆ ಕುಳಿತು ನಿಟ್ಟುಸಿರು.

“ಏನ್ರೀ ಅದು, ಯಾರೋ ಸತ್ತ ಹಾಗೆ? ಗಂಜಿ ಗಂಜಿನೇ ಅಲ್ವಾ?”

“ನಿನ್ನ ತಂಗೀನೂ ನಿನ್ನ ಹಾಗೇ ಇದಾಳೆ ಕಣೇ. ಹಾಗಂತ ಅವಳ ಜೊತೆ ಸಂಸಾರ ಮಾಡೋಕಾಗುತ್ತಾ?”

ಹೆಂಡತಿ ಆ ಹೋಲಿಕೆಯನ್ನು ಎರಡು ದಿನ ಮಾತು ಬಿಟ್ಟು ಮೆಚ್ಚಿಕೊಂಡರು.

ನಿಜವಾದ ಸಂಕಟ ಕೆಂಪು ಪುಸ್ತಕದ್ದು. ಉಣ್ಣದವನು ಸಹಿ ಹಾಕುವಂತಿಲ್ಲ. ಸಹಿ ಹಾಕದವನು ಕೊಪ್ಪರಿಗೆಯ ಮುಂದೆ ನಿಲ್ಲುವಂತಿಲ್ಲ. ಸೌಟಪ್ಪ ಅಡುಗೆಮನೆಯ ಮೇಲ್ವಿಚಾರಕರ ಮುಂದೆ ಕಾಯಿಲೆಯ ಬಗ್ಗೆ ಬಾಯಿಗೆ ಬೀಗ ಹಾಕಿಕೊಂಡು, ಮೊದಲ ಬಟ್ಟಲನ್ನು ತುಂಬಿ, ಆರುವ ತನಕ ನೋಡಿ, ಹಿತ್ತಿಲ ಬೆಕ್ಕಿಗೆ ಇಟ್ಟು, ಎಂದಿನಂತೆ ‘ತಿಂದೆ. ಸರಿಯಾಗಿದೆ’ ಎಂದು ಬರೆಯತೊಡಗಿದರು. ಮೂವತ್ತೊಂದು ವರ್ಷದ ಸತ್ಯಸಂಧ ನಲವತ್ತು ದಿನ ಸುಳ್ಳು ಬರೆದರು.

ಅವರ ಕೈಯ ಕ್ರಮ ಒಂದಿತ್ತು. ನುಚ್ಚು ಬೇಯುವಾಗ ಅರ್ಧ ಉಪ್ಪು, ಮೊದಲ ಬಟ್ಟಲು ಉಂಡ ಮೇಲೆ ಉಳಿದರ್ಧ. ಅವರು ಅಳೆದವರಲ್ಲ, ನೆನಪಿಟ್ಟವರೂ ಅಲ್ಲ. ನಾಲಿಗೆ ಹೇಳಿದಂತೆ ಕೈ ನಡೆಯುತ್ತಿತ್ತು. ಈಗ ನಾಲಿಗೆಗೆ ರಜೆ. ಒಂದು ದಿನ ಎರಡನೆಯ ಉಪ್ಪು ಬಿತ್ತೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಮ್ಮೆ ಹಾಕಿದರು. ಆಗಲೂ ನಂಬಿಕೆಯಾಗದೆ ಮತ್ತೊಮ್ಮೆ.

ಅಂದು ಬಟ್ಟಲುಗಳು ಹೋದಷ್ಟೇ ವೇಗದಲ್ಲಿ ತುಂಬಿಕೊಂಡೇ ಮರಳಿದವು. ಮೇಲ್ವಿಚಾರಕರು ಕೆಂಪು ಪುಸ್ತಕ ತೆರೆದು ‘ಸರಿಯಾಗಿದೆ’ ಎಂಬುದನ್ನು ಓದಿ, ಒಂದು ಚಮಚ ಬಾಯಿಗಿಟ್ಟು, ಸಿಂಕಿನ ಕಡೆ ಓಡಿದರು. ನಿಜ ಹೊರಬಿತ್ತು. ಬೈಗುಳವೇನೂ ಬೀಳಲಿಲ್ಲ. ಸೋಮವಾರದಿಂದ ತರಕಾರಿ ಹೆಚ್ಚುವ ಕೋಣೆಗೆ ಹೋಗಿ ಎಂದರು, ಅಷ್ಟೇ.

ಭಾನುವಾರ ಬೆಳಿಗ್ಗೆ, ತಮ್ಮ ಕೊನೆಯ ಕೊಪ್ಪರಿಗೆಯ ಎದುರು, ಸೌಟಪ್ಪ ನೆಗ್ಗಿದ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತರು. ಬೆಕ್ಕು ಬಂದು ಕಾದಿತ್ತು. ಅದರ ಕಡೆ ನೋಡದೆ ಮಾಸ್ಕ್ ಗದ್ದಕ್ಕೆ ಇಳಿಸಿ ಚಮಚ ಎತ್ತಿದರು.

“ಕೆಳಗಿಡಿ.” ಬಾಗಿಲಲ್ಲಿ ಪಥ್ಯದ ಮೇಡಂ.

“ಒಂದೇ ಚಮಚ ತಾಯಿ. ಮೊದಲು ಹನ್ನೆರಡು ತಿಂತಿದ್ದೆ. ಹನ್ನೊಂದು ಬಿಟ್ಟಿದೀನಿ, ಲೆಕ್ಕ ಹಾಕಿ.”

“ನಿಮ್ಮ ಕರುಳಿಗೆ ಲೆಕ್ಕ ಬರಲ್ಲ. ಕೊಡಿ ಇಲ್ಲಿ.”

ಬಟ್ಟಲು ಕಸಿದುಕೊಂಡವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ನಿಂತಲ್ಲೇ ಆ ಚಮಚವನ್ನು ತಮ್ಮ ಬಾಯಿಗಿಟ್ಟರು. ಗೋಧಿ ಗಂಜಿಯ ಬಗ್ಗೆ ಅಷ್ಟೆಲ್ಲ ಬರೆದಾಕೆ ಈ ಅಡುಗೆಮನೆಯ ಗಂಜಿಯನ್ನು ಬಾಯಿಗಿಟ್ಟದ್ದು ಅದೇ ಮೊದಲು.

“ಹೇಗಿದೆ?” ಸೌಟಪ್ಪ ಪೆಟ್ಟಿಗೆಯಿಂದ ಎದ್ದು ನಿಂತರು.

“ನಾರು ಚೆನ್ನಾಗಿದೆ. ಹಾಲು ಸೇರಿರೋದ್ರಿಂದ ಪ್ರೋಟೀನೂ...”

“ಪಟ್ಟಿ ಗೋಡೆ ಮೇಲಿದೆ ಮೇಡಂ. ನಾನು ಗಂಜಿ ಕೇಳ್ತಿದೀನಿ.”

ಮೇಡಂ ಇನ್ನೊಂದು ಚಮಚ ತೆಗೆದುಕೊಂಡರು. ಬಾಯಲ್ಲಿ ಹೊರಳಿಸಿದರು. ಓದಿದ್ದೆಲ್ಲ ಕೈಕೊಟ್ಟಂತೆ ಗೋಡೆಯ ಪಟ್ಟಿಯ ಕಡೆ ಒಮ್ಮೆ ನೋಡಿದರು.

“ಹುರಿದ ಕಾಳಿನ ರುಚಿ ಮೊದಲು ಬರಲ್ಲ. ನುಂಗಿದ ಮೇಲೆ ಬರುತ್ತೆ,” ಎಂದರು ನಿಧಾನವಾಗಿ. “ಉಪ್ಪು ಸ್ವಲ್ಪ ಕಮ್ಮಿ.”

“ಎಷ್ಟು ಕಮ್ಮಿ? ಚಿಟಿಕೆಯಾ, ಹಿಡಿಯಾ?”

“ಇಷ್ಟು ದೊಡ್ಡ ಪಾತ್ರೆಗೆ... ಅರ್ಧ ಹಿಡಿ.”

ಸೌಟಪ್ಪ ಅರ್ಧ ಹಿಡಿ ಹಾಕಿ ತಿರುವಿ ಮತ್ತೆ ಅವರ ಬಟ್ಟಲಿಗೆ ಬಡಿಸಿದರು. ಅಂದು ವಾರ್ಡುಗಳಿಂದ ಒಂದು ಬಟ್ಟಲೂ ತುಂಬಿಕೊಂಡು ಮರಳಲಿಲ್ಲ. ಮೇಡಂ ಆ ಖಾಲಿ ಬಟ್ಟಲುಗಳನ್ನೇ ಸಾಕ್ಷಿ ಹಿಡಿದು ಮೇಲ್ವಿಚಾರಕರ ಬಳಿ ವಾದಿಸಿದರು: ನಿಯಮದ ಉದ್ದೇಶ ಯಾರಾದರೂ ಮೊದಲು ತಿನ್ನಬೇಕು ಎಂಬುದು, ಆ ಯಾರಾದರೂ ನಾನೇ ಆಗುತ್ತೇನೆ. ಸೋಮವಾರದಿಂದ ಕೆಂಪು ಪುಸ್ತಕದಲ್ಲಿ ಎರಡು ಸಹಿ ಬಿದ್ದವು, ಮಾಡಿದವರದು ಒಂದು, ತಿಂದವರದು ಒಂದು.

ಹೀಗೆ ರಾಜ್ಯ ಉಳಿಯಿತು, ಸಿಂಹಾಸನ ಹೋಯಿತು. ಆರೂವರೆಗೆ ಮೇಡಂ ಪೆಟ್ಟಿಗೆಯ ಮೇಲೆ ಕೂರುತ್ತಾರೆ. ಸೌಟಪ್ಪ ಎದುರು ನಿಂತು ಚಮಚ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾರೆ. ಮೇಡಂ ನುಂಗಿದಾಗಲೆಲ್ಲ ಇವರ ಗಂಟಲೂ ಒಮ್ಮೆ ಏರಿ ಇಳಿಯುತ್ತದೆ. ‘ಚೆನ್ನಾಗಿದೆ’ ಎಂದರೆ ಒಪ್ಪುವುದಿಲ್ಲ. ಹೇಗೆ ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ, ನಾಲಿಗೆಯ ತುದಿಯಲ್ಲೋ ಹಿಂದೋ, ನಿನ್ನೆಯದಕ್ಕಿಂತಲೋ ಮೊನ್ನೆಯದಕ್ಕಿಂತಲೋ. ಪಾಪ, ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಪಾಸಾದ ಆಕೆ ಇಲ್ಲಿ ದಿನಾ ಬೆವರುತ್ತಾರೆ.

ಮೊನ್ನೆ ಬಟ್ಟಲು ಖಾಲಿಯಾದ ಮೇಲೂ ಸೌಟಪ್ಪ ಮೇಡಂ ಅವರನ್ನು ಏಳಗೊಡಲಿಲ್ಲ. ಟ್ರಾಲಿಗಳು ಹೋಗುವ ತನಕ ಕೂರಿಸಿಕೊಂಡರು. ಕೊಪ್ಪರಿಗೆ ಬರಿದಾಗಿತ್ತು. ಅದರೊಳಗೆ ಬಗ್ಗಿ, ತಳ ಕೆರೆದು, ಕಂದು ಬಣ್ಣಕ್ಕೆ ತಿರುಗಿದ ಎರಡು ಚೂರು ಎಬ್ಬಿಸಿಕೊಂಡು ಬಂದರು.

“ಇದನ್ನೂ ಒಂಚೂರು ತಿಂದು ಹೇಳ್ತೀರಾ ಮೇಡಂ?”

“ಇದು ಸೀದದ್ದಲ್ವಾ? ಮೊದಲನೇ ಬಟ್ಟಲು ಅಂತ ಪ್ರಾಣ ಬಿಡ್ತಿದ್ರಿ, ಈಗ ತಳಾನಾ?”

“ಮೊದಲನೇದರ ರುಚಿ ಬಾಯಲ್ಲಿ ಇನ್ನೂ ಇದೆ. ಇದರದ್ದು ಹೋಗಿಬಿಟ್ಟಿದೆ. ಚಿಕ್ಕವನಿದ್ದಾಗ ಬೈಕೊಂಡೇ ತಿಂತಿದ್ದೆ, ಸರಿಯಾಗಿ ನೋಡ್ಲೇ ಇಲ್ಲ.”

ಒಬ್ಬರಿಗೆ ಒಂದೇ ಬಟ್ಟಲು ಎಂದು ಮೇಡಂ ತಮ್ಮ ಕೈಯಾರೆ ಬರೆದ ಪಟ್ಟಿ ಅಲ್ಲೇ ಗೋಡೆಯ ಮೇಲಿತ್ತು. ಅದಕ್ಕೆ ಬೆನ್ನು ತಿರುಗಿಸಿ ಕೂತು, ಬಟ್ಟಲು ಮುಂದೆ ಚಾಚಿದರು. ಸೌಟಪ್ಪ ಮಾಸ್ಕ್ ಸರಿಮಾಡಿಕೊಂಡು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತರು.

“ನಿಧಾನಕ್ಕೆ ಅಗೀರಿ,” ಎಂದರು. “ಅವಸರ ಇಲ್ಲ.”