ಸವಳು ನೀರು, ಸೋಲಾರ್ ಪ್ಲೇಟು

ಟೇಲರ್ ಕಾಕಾನ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತಿತ್ತು, ಸೂಜಿಯ ಕಣ್ಣಿನಿಂದ ಗಿಡ್ಡ ದಾರ ಜೋತುಬಿದ್ದಿರುತ್ತಿತ್ತು. ಮಾತು ಬಲಮೂಲೆಯಿಂದ ಬರುತ್ತಿತ್ತು. ನಕ್ಕರೂ ಅರ್ಧ ಬಾಯಿಯಲ್ಲೇ ನಗುತ್ತಿದ್ದ. ಈ ಸೂಜಿ ಒಂದಲ್ಲ ಒಂದು ದಿನ ಅವನ ಗಂಟಲಿಗೆ ಇಳಿಯುತ್ತದೆ ಎಂದು ಸಣ್ಣವಳಿದ್ದಾಗ ನಾನು ಅವನ ಬಾಯಿಯನ್ನೇ ನೋಡುತ್ತ ಕೂಡುತ್ತಿದ್ದೆ. "ಏನ್ ನೋಡ್ತೀ ತಂಗಿ? ಊರು ನುಂಗೂ ಮಂದಿನ ಆರಾಮ ಅದಾರ, ಸೂಜಿ ಹಿಡಕೊಂಡಾವಗ ಏನ್ ಆಕ್ಕೈತಿ?" ಎನ್ನುತ್ತಿದ್ದ. ಆ ಸೂಜಿಯನ್ನು ಬಾಯಿಂದ ತೆಗೆದು ಅಂಗಿಯ ಕಾಲರಿಗೆ ಚುಚ್ಚಿದನೆಂದರೆ ಇನ್ನು ಬರುವ ಮಾತು ಗಂಭೀರದ್ದು ಎಂದು ಓಣಿಗೆಲ್ಲ ಗೊತ್ತಿತ್ತು.

ನಮ್ಮೂರು ಸಿಂದಗಿ ತಾಲೂಕಿನಲ್ಲಿ, ಮೋರಟಗಿಗೆ ಹೋಗುವ ದಾರಿಯಲ್ಲಿದೆ. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅತ್ತ ಅವನ ಹೊಲಿಗೆ ಮಷೀನು, ಇತ್ತ ನಮ್ಮವ್ವನ ಶಾವಿಗೆ ಮಷೀನು. ಬೇಸಿಗೆ ಬಂತೆಂದರೆ ಎರಡೂ ಕೂಡಿ ಗೋಡೆಯನ್ನು ನಡುಗಿಸುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಶಾವಿಗೆ ಮಷೀನೇ ನಮ್ಮ ಅನ್ನ. ಊರ ಹೆಂಗಸರು ಗೋಧಿ ಹಿಟ್ಟು ತಂದು ಶಾವಿಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಕೈಗೆ ಬಂದದ್ದರಲ್ಲಿ ಅರ್ಧಕ್ಕರ್ಧ ಕರೆಂಟು ಬಿಲ್ಲಿಗೆ ಹೋಗುತ್ತಿತ್ತು. ಒಂದು ಸಲ ಬಿಲ್ಲು ತುಂಬಿರಲಿಲ್ಲ. ಲೈನ್‌ಮನ್ ಬಂದು ಫ್ಯೂಜು ಕಿತ್ತುಕೊಂಡು ಹೋದ. ಅವ್ವ ನಾದಿದ ಹಿಟ್ಟಿನ ಬುಟ್ಟಿಯನ್ನು ಮುಂದಿಟ್ಟುಕೊಂಡು ಅತ್ತಳು. ಗೋಡೆಯ ಆಚೆ ಕಾಕಾನ ಮಷೀನಿನ ಸದ್ದೂ ನಿಂತಿತು. ಆ ದಿನವಿಡೀ ಅವನೂ ಹೊಲಿಯಲಿಲ್ಲ.

ನೀರಿನ ಮಾತನ್ನೂ ಇಲ್ಲೇ ಹೇಳಬೇಕು. ನಮ್ಮೂರ ಬೋರಿನ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ಬಟ್ಟೆಗೆ, ಪಾತ್ರೆಗೆ, ದನಕ್ಕೆ, ಮೈಗೆ ಎಲ್ಲಕ್ಕೂ ಅದೇ. ಸಿಹಿ ನೀರು ಟ್ಯಾಂಕರಿನಲ್ಲಿ ಬರಬೇಕು; ಬಂದ ದಿನ ಓಣಿಯಲ್ಲಿ ಕೊಡಕ್ಕೆ ಕೊಡ ಬಡಿಯುತ್ತದೆ, ಮೂರು ತಲೆಮಾರಿನ ಬೈಗುಳ ಹೊರಬರುತ್ತವೆ. ಸಿಹಿ ನೀರಲ್ಲಿ ಕೈ ತೊಳೆದ ಕೂಸಿಗೆ ನಮ್ಮಲ್ಲಿ ಬೆನ್ನ ಮೇಲೆ ಬೀಳುತ್ತದೆ. ಈ ವಿಷಯದಲ್ಲಿ ಕಾಕಾ ಎಲ್ಲರಿಗಿಂತ ಕಟ್ಟುನಿಟ್ಟು. ಕೃಷ್ಣೆಯ ದಂಡೆಯ ಮೇಲೆ ತಂಗಡಗಿಯಲ್ಲಿ ಅವನ ಅಕ್ಕನ ಮನೆ. ಅಲ್ಲಿಂದ ಬಂದಾಗಲೆಲ್ಲ ಸಿಟ್ಟಾಗಿಯೇ ಬರುತ್ತಿದ್ದ. "ಅಲ್ಲಿ ಮಂದಿ ಸಿಹಿ ನೀರಾಗ ಎಮ್ಮಿ ಮೈ ತಿಕ್ತಾರವ್ವಾ! ಕುಡಿಯೂ ನೀರು ಕುಡ್ಯಾಕಷ್ಟ." ಈ ಕೊನೆಯ ಮಾತನ್ನು ಅವನು ಎಷ್ಟು ಸಲ ಹೇಳಿದ್ದಾನೋ. ನಮಗೆ ಅದು ಕೇಳಿ ಕೇಳಿ ನಗೆಯಾಗಿತ್ತು.

ಓಣಿಯವರೇ ಒತ್ತಾಯ ಮಾಡಿ ಅವನನ್ನು ಚುನಾವಣೆಗೆ ನಿಲ್ಲಿಸಿ ಪಂಚಾಯಿತಿ ಮೆಂಬರು ಮಾಡಿದರು. ಉಳಿದ ಮೆಂಬರುಗಳು ಗಟಾರ, ರಸ್ತೆ ಎಂದು ಓಡಾಡುತ್ತಿದ್ದರೆ ಇವನಿಗೆ ಒಂದೇ ಹುಚ್ಚು ಹಿಡಿಯಿತು. ಊರ ಗೋಮಾಳದಲ್ಲಿ ಪಂಚಾಯಿತಿಯಿಂದಲೇ ಸೋಲಾರ್ ಪ್ಲೇಟು ಹಾಕಿಸುವುದು, ಅಲ್ಲಿ ಹುಟ್ಟಿದ ಕರೆಂಟನ್ನು ಲೈನಿಗೆ ಬಿಡುವುದು, ಬಿಟ್ಟಷ್ಟನ್ನು ಪಾಲುದಾರ ಮನೆಗಳ ಬಿಲ್ಲಿನಲ್ಲಿ ಕಳೆಯಿಸುವುದು. ಮಣ್ಣಿನ ಮಾಳಿಗೆಯ ಮೇಲೆ ಪ್ಲೇಟು ನಿಲ್ಲಿಸಲಾಗದ ನಮ್ಮಂಥವರಿಗೆಂದೇ ಅದು. ಸರಕಾರದ್ದು ದೊಡ್ಡ ಪಾಲು, ಪ್ರತಿ ಮನೆಯದು ಒಂದು ಸಣ್ಣ ಪಾಲು.

ಸಣ್ಣ ಪಾಲಾದರೂ ಯಾರು ಕೊಡಬೇಕು? "ಟೇಲರ್ ಈಗ ಬಿಸಲಿಗೂ ಅಳತಿ ತಗೊಳ್ಳಾಕತ್ತಾನ, ಅದಕ್ಕೂ ಚೊಣ್ಣ ಹೊಲೀತಾನಂತ" ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ಕೊರಳಲ್ಲಿ ಟೇಪು ಹಾಕಿಕೊಂಡೇ ಕಾಕಾ ಮನೆ ಮನೆ ತಿರುಗಿದ. ನಮ್ಮ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೈಮುಗಿದಳು.

"ಅಣ್ಣಾ, ಕಿವ್ಯಾಗಿನ ಬೆಂಡೋಲಿ ಅಷ್ಟ ಉಳದಾವು. ಅವನ್ನೂ ಗಾಜಿಗೆ ಹಾಕ್ಲೇನು?"

ಕಾಕಾ ಸೂಜಿಯನ್ನು ತೆಗೆದು ಕಾಲರಿಗೆ ಚುಚ್ಚಿದ. "ಅಕ್ಕಾ, ಮಳಿ ಕೈ ಕೊಟ್ಟೈತಿ, ಬೋರು ಕೈ ಕೊಟ್ಟೈತಿ. ನಮ್ಮ ಸೀಮ್ಯಾಗ ಬಿಸಲು ಎಂದಾರ ಕೈ ಕೊಟ್ಟೈತೇನು? ಒಂದು ವ್ಯಾಳೆ ಇದು ಮುಳುಗಿತು ಅಂದ್ರ, ನನ್ನ ಮಷೀನ ತಂದು ನಿನ್ನ ಮನ್ಯಾಗ ಇಡ್ತೇನಿ. ಇದು ನನ್ನ ಮಾತು."

ಅವ್ವ ಬೆಂಡೋಲಿ ಬಿಚ್ಚಿಕೊಟ್ಟಳು. ಅವಳು ಕೊಟ್ಟಳೆಂದು ಗೊತ್ತಾದ ಮೇಲೆ ಓಣಿಯೂ ಕೊಟ್ಟಿತು.

ಪ್ಲೇಟುಗಳು ಬಂದವು. ಗೋಮಾಳದ ಕರಿನೆಲದ ಮೇಲೆ ನೀಲಿಯಾಗಿ ಸಾಲುಗಟ್ಟಿ ನಿಂತವು. ನಾವೇ ಹೆತ್ತು ಎತ್ತಿ ಆಡಿಸಿದವರಂತೆ ಸಂಜೆಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆವು. ಕೆಲ ದಿನಗಳಲ್ಲೇ ಬಿಲ್ಲು ಇಳಿಯಿತು. ಅವ್ವ ನಂಬದೆ ನನ್ನಿಂದ ಓದಿಸಿದಳು, ಆಮೇಲೆ ಬಿಲ್ಲು ಕೊಡಲು ಬಂದವನನ್ನೇ ಕರೆದು ಕೂರಿಸಿ ಮತ್ತೆ ಓದಿಸಿದಳು. ಅಂದು ಶಾವಿಗೆ ಪಾಯಸ ಮಾಡಿ ಗೋಡೆಯಾಚೆ ಕಳಿಸಿದಳು. ಉಳಿದ ದುಡ್ಡಿನಲ್ಲಿ ನಾನು ಬಿ.ಎಡ್. ಓದಿದೆ. ಇವತ್ತು ಇಂಡಿ ಪಟ್ಟಣದ ಶಾಲೆಯಲ್ಲಿ ಹಲಗೆಯ ಮುಂದೆ ನಿಂತು ಪಾಠ ಹೇಳುತ್ತೇನಲ್ಲ, ಆ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟವನು ಕಾಕಾ. ಅವನ ಮುಂದೆ ಎಂದೂ ಇದನ್ನು ಹೇಳಲಿಲ್ಲ. ಹೇಳಿದ್ದರೆ, "ಹೋಗ ಹುಚ್ಚಿ, ನಿನ್ನ ತಲಿ ಚಲೋ ಇತ್ತು" ಎನ್ನುತ್ತಿದ್ದ.

ಪ್ಲೇಟು ಕೂರಿಸಲು ದೂರದಿಂದ ಬಂದಿದ್ದ ಹುಡುಗ ಹೋಗುವಾಗ ಒಂದು ಮಾತು ಹೇಳಿದ್ದ. "ಧೂಳು ಕೂರೋಕೆ ಬಿಡಬೇಡಿ. ನೀರು ಹಾಕಿ ಚೆನ್ನಾಗಿ ತೊಳೀತಾ ಇರಿ." ಯಾವ ನೀರು ಎಂದು ಅವನು ಹೇಳಲಿಲ್ಲ, ಅವನ ಊರಲ್ಲಿ ನೀರು ಎಂದರೆ ಒಂದೇ ಇರಬೇಕು. ನಾವೂ ಕೇಳಲಿಲ್ಲ, ತೊಳೆಯುವ ನೀರು ಎಂದರೆ ನಮಗೂ ಒಂದೇ.

ತೊಳೆಯುವ ಕೆಲಸವನ್ನು ಕಾಕಾ ಯಾರಿಗೂ ಬಿಡಲಿಲ್ಲ. ಬೆಳಗಿನ ನಮಾಜು ಮುಗಿಸಿ, ಲುಂಗಿ ಎತ್ತಿ ಕಟ್ಟಿ, ಬಿದಿರ ಕೋಲಿಗೆ ಕಟಿಂಗಿನಲ್ಲಿ ಉಳಿದ ಅರಿವೆಯ ತುಂಡುಗಳನ್ನು ಸುತ್ತಿಕೊಂಡು ಗೋಮಾಳಕ್ಕೆ ಹೋಗುತ್ತಿದ್ದ. ಬೋರಿನಿಂದ ಪೈಪು ಎಳೆದು ಸಾಲು ಸಾಲಾಗಿ ತೊಳೆಯುತ್ತಿದ್ದ. ಅವನಿಗೂ ಕಾಕಿಗೂ ಮಕ್ಕಳಿರಲಿಲ್ಲ. "ಎಲ್ಲಿಗೆ ಕಾಕಾ?" ಎಂದರೆ, "ಮಕ್ಕಳ ಮಕಾ ತೊಳಸಾಕ" ಎನ್ನುತ್ತಿದ್ದ. ಕಾಕಿ ಒಳಗಿನಿಂದ, "ಹೋಗ್ಲಿ ಬಿಡ್ರಿ, ಕರೆಂಟ್ ಹಡದಾನ ನನ್ನ ಗಂಡ" ಎಂದು ನಗುತ್ತಿದ್ದಳು.

ಜೋಳದ ರಾಶಿಯ ದಿನಗಳಲ್ಲಿ ಹೊಟ್ಟು ಹಾರಿ ಬಂದು ಪ್ಲೇಟಿನ ಮೇಲೆ ಕೂಡುತ್ತಿತ್ತು. ಆಗ ಸಂಜೆಯೂ ತೊಳೆದ. ದಿನವಿಡೀ ಉರಿಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಸವಳು ನೀರು ಬಿದ್ದ ಕೂಡಲೇ ಆರುತ್ತಿತ್ತು. ಮೊದಲು ಅಂಚುಗಳಲ್ಲಿ ಬಿಳಿ ಗೆರೆ ಕಾಣಿಸಿತು, ವರ್ಷ ಕಳೆದಂತೆ ನಡುವೆಲ್ಲ ಬಿಳಿ ಪೊರೆ. ನಮ್ಮ ಕೊಡಗಳ ಒಳಗೆ ಕಟ್ಟುತ್ತದಲ್ಲ, ಅದೇ ಪೊರೆ. ಬಿಳಿಯಾದಷ್ಟೂ ಕಾಕಾ ಇನ್ನಷ್ಟು ತೊಳೆದ. ತೊಳೆದಷ್ಟೂ ಬಿಳಿಯಾಯಿತು. ಬಿಲ್ಲು ನಿಧಾನಕ್ಕೆ ಏರತೊಡಗಿತು.

ಪಂಚಮಿ ಹಬ್ಬದ ಮುಂದೆ ನಮ್ಮಲ್ಲಿ ಮನೆಯ ಹಿತ್ತಾಳೆ ತಾಮ್ರವನ್ನೆಲ್ಲ ಹೊರಗೆ ಹಾಕಿ ತಿಕ್ಕುತ್ತಾರೆ. ಆ ವರ್ಷ ಓಣಿಯ ಹೆಂಗಸರಿಗೆ ಬುದ್ಧಿ ಹೊಳೆಯಿತು. "ತಂಬಿಗಿ ಬೆಳ್ಳಗಾದ್ರ ನಾವು ಬಿಡ್ತೇವೇನ? ಹುಣಸಿಹಣ್ಣು, ಬೂದಿ ತಗೊಂಡು ನಡೀರಿ" ಎಂದು ನಮ್ಮವ್ವನೇ ಮುಂದಾದಳು. ಒಂದು ದಂಡೇ ಗೋಮಾಳಕ್ಕೆ ಹೋಯಿತು. ಹಾಡು ಹೇಳುತ್ತ, ಒಬ್ಬರನ್ನೊಬ್ಬರು ಕಾಡಿಸುತ್ತ, ತೆಂಗಿನ ನಾರಿನಿಂದ ಗಸಗಸ ತಿಕ್ಕಿದರು. ನಾನೂ ರಜೆಗೆ ಬಂದಿದ್ದೆ, ಹೋಗಿದ್ದೆ. ಕಾಕಾ ಪೈಪು ಹಿಡಿದು ನೀರು ಬಿಡುತ್ತ, "ಜೋರ್ ತಿಕ್ರಿ, ನಿಮ್ಮ ಅತ್ತಿ ಬೆನ್ನಂತ ತಿಳಕೊಂಡು ತಿಕ್ರಿ" ಎಂದು ನಗಿಸುತ್ತಿದ್ದ. ನಮ್ಮೂರು ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಬೂದಿಯಲ್ಲಿ ಹರಳಿತ್ತು. ಗಾಜಿನ ತುಂಬ ಗೀರು. ಗೀರಿನಲ್ಲಿ ಇನ್ನಷ್ಟು ಉಪ್ಪು ಕೂತಿತು.

ಮಳೆಗಾಲ ಮುಗಿದ ಮೇಲೆ ವಿಜಯಪುರದಿಂದ ಒಬ್ಬ ಇಂಜಿನಿಯರು ಬಂದರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಪ್ಲೇಟಿನ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೊಂಡರು.

"ಯಾವ ನೀರು ಹಾಕಿದ್ದೀರಿ ಇದಕ್ಕೆ?"

"ಬೋರಿನ ನೀರ್ರಿ ಸಾಹೇಬ್ರ. ಒಂದು ದಿನಾನೂ ತಪ್ಪಿಸಿಲ್ರಿ" ಎಂದ ಕಾಕಾ, ಶಾಭಾಸ್‌ಗಿರಿ ಸಿಗುತ್ತದೆಂಬಂತೆ.

"ಅದೇ ಆಗಿರೋದು. ಒಂದೊಂದು ದಿನ ತಪ್ಪಿಸಿದ್ದರೂ ಚೆನ್ನಾಗಿತ್ತು. ಸಿಹಿ ನೀರಲ್ಲಿ ತೊಳೀಬೇಕಿತ್ತು ಯಜಮಾನರೇ. ಉಪ್ಪು ಒಳಗಿನ ತಂತಿಗಳನ್ನೂ ತಿಂದಿದೆ. ಇವು ಇನ್ನು ಏಳೋದಿಲ್ಲ."

ಕಾಕಾ ಸೂಜಿ ತೆಗೆದ. ಕಾಲರಿಗೆ ಚುಚ್ಚಲು ಹೋದ, ಚುಚ್ಚಲಾಗಲಿಲ್ಲ, ಸೂಜಿ ಕೈಯಲ್ಲೇ ಉಳಿಯಿತು. "ಸಿಹಿ ನೀರು ಮಂದಿಗೇ ಇಲ್ರಿ ಸಾಹೇಬ್ರ" ಎಂದ. "ಗಾಜಿಗೆ ಹೆಂಗ ಹಾಕಲಿ? ಹಾಕಂದಿದ್ರೂ ನಾನು ಹಾಕ್ತಿದ್ದಿಲ್ಲ."

ಇಂಜಿನಿಯರು ಬೆರಳು ಒರೆಸಿಕೊಂಡು ಕಾಗದದ ಮೇಲೆ ಏನೋ ಬರೆದುಕೊಂಡರು. ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಕಾಕಾ ಎಲ್ಲಿ ತಪ್ಪಿದ? ಸೋಮಾರಿಯಾಗಿದ್ದರೆ ಪ್ಲೇಟು ಉಳಿಯುತ್ತಿದ್ದವು. ಕಳ್ಳನಾಗಿ ಟ್ಯಾಂಕರಿನ ನೀರು ಕದ್ದು ಹಾಕಿದ್ದರೂ ಉಳಿಯುತ್ತಿದ್ದವು. ದೇವರಂಥ ಮನುಷ್ಯನಾಗಿ ಬೆಳಗೆದ್ದು ತೊಳೆದ, ಅದಕ್ಕೆ ಹಾಳಾದವು. ಇದೆಂಥ ನ್ಯಾಯವೋ ಶಿವನೇ!

ಹೊಸ ಪ್ಲೇಟು ಹಾಕಿಸಲು ಅವನು ಸಿಂದಗಿಗೆ ಹೋದ, ವಿಜಯಪುರಕ್ಕೆ ಹೋದ. ಅಷ್ಟರಲ್ಲಿ ಮನೆಗಳಿಗೆ ಸರಕಾರದ ಪುಕ್ಕಟೆ ಕರೆಂಟು ಬಂದಿತ್ತು. "ಎಲ್ಲಾರ್ಗೂ ಪುಕಟ ಸಿಕ್ಕೈತಿ, ಇನ್ ಇವ್ಯಾಕ?" ಎಂದು ಉಳಿದ ಮೆಂಬರುಗಳು ಕೈ ತೊಳೆದುಕೊಂಡರು. ಒಂದು ಬಲ್ಬು, ಒಂದು ಫ್ಯಾನಿನ ಮನೆಗಳಿಗೆ ಅದು ಸಾಕು. ಆದರೆ ಪುಕ್ಕಟೆಗೂ ತಿಂಗಳಿಗೆ ಇಂತಿಷ್ಟೇ ಯೂನಿಟ್ಟು ಎಂಬ ಮಿತಿಯಿತ್ತು, ಶಾವಿಗೆ ಮಷೀನು ಅದನ್ನು ದಾಟುತ್ತದೆ. ಅವ್ವನಿಗೆ ಮತ್ತೆ ಪೂರ್ತಿ ಬಿಲ್ಲು ಬಂತು. ನನ್ನ ಸಂಬಳದಲ್ಲಿ ನಾನು ತುಂಬುತ್ತಿದ್ದೆ, ಅದು ಬೇರೆ ಮಾತು. ಕಾಕಾನಿಗೆ ಅದು ಬೇರೆ ಮಾತಾಗಿರಲಿಲ್ಲ.

ಒಂದು ಮಧ್ಯಾಹ್ನ ಅವನು ತನ್ನ ಹೊಲಿಗೆ ಮಷೀನನ್ನು ಒಬ್ಬನೇ ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದ. ಎದೆ ಏದುತ್ತಿತ್ತು. ಬೆರಳ ಸಂದುಗಳಲ್ಲಿ ಸವಳು ನೀರಿನ ಬಿಳಿ ಬಿರುಕುಗಳು.

"ಏನಣ್ಣಾ ಇದು? ತಗೊಂಡು ಹೋಗು. ನಾ ಯಾವತ್ತರ ಕೇಳೇನೇನು?" ಎಂದು ಅವ್ವ ಬೈದಳು.

"ನೀ ಕೇಳಿಲ್ಲ ಅಕ್ಕಾ. ನಾ ಹೇಳಿದ್ದೆ" ಎಂದ. ಮಷೀನನ್ನು ಗೋಡೆಗೆ ತಾಗಿಸಿ ಇಟ್ಟು ಹೋದ.

ಅವ್ವ ಎರಡು ಸಲ ಅದನ್ನು ಗೋಡೆಯಾಚೆ ಹೊರಿಸಿ ಕಳಿಸಿದಳು, ಎರಡು ಸಲವೂ ಅದು ತಿರುಗಿ ಬಂತು. ಆಮೇಲೆ ಕಾಕಾ ಹೊಲಿಯಲಿಲ್ಲ. ಬಾಯಲ್ಲಿ ಸೂಜಿ ಇಲ್ಲದೆ ಅವನ ಮುಖ ಬೇರೆ ಯಾರದೋ ಆಯಿತು. ಪೂರ್ತಿ ಬಾಯಲ್ಲಿ ಮಾತಾಡಬಹುದಿತ್ತು, ಮಾತು ಇರಲಿಲ್ಲ. ಆದರೂ ನಸುಕಿನಲ್ಲಿ ಗೋಮಾಳಕ್ಕೆ ಹೋಗಿ ಆ ಸತ್ತ ಪ್ಲೇಟುಗಳ ನಡುವೆ ಕೂತು ಬರುತ್ತಿದ್ದ. ಅವುಗಳ ನೆರಳಲ್ಲಿ ಕುರಿ ಮಲಗುತ್ತಿದ್ದವು. ಅವನ್ನೂ ಅವನು ಎಬ್ಬಿಸಲಿಲ್ಲ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಸುದ್ದಿ ಕೇಳಿ ನಾನು ಇಂಡಿಯಿಂದ ಬಸ್ಸು ಹಿಡಿದು ಬಂದೆ. ಮಯ್ಯತ್ತಿಗೆ ಸ್ನಾನ ಮಾಡಿಸಲು ಅಂಗಳದಲ್ಲಿ ಪರದೆ ಕಟ್ಟುತ್ತಿದ್ದರು. ಟ್ಯಾಂಕರು ಬಾರದೆ ದಿನಗಳಾಗಿದ್ದವು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕೊಡ ಸಿಹಿ ನೀರು. ಅವ್ವ ಅದನ್ನು ಸೊಂಟಕ್ಕೇರಿಸಿ ಎದ್ದಳು. "ಜನಮ ಪೂರ್ತಿ ಸವಳಿನ್ಯಾಗ ಕಳದಾನ. ಇವತ್ತೊಂದಿನ ಚಲೋ ನೀರಾಗ ಹೋಗ್ಲಿ" ಎಂದಳು.

ಬಾಗಿಲಲ್ಲಿ ಕಾಕಿ ತಡೆದಳು. ಅತ್ತು ಅತ್ತು ದನಿ ಕೂತಿತ್ತು. "ಬ್ಯಾಡಕ್ಕಾ. ನೀ ತರ್ತೀ ಅಂತ ಅವಗ ಗೊತ್ತಿತ್ತು. ಮೊನ್ನೇನ ಹೇಳ್ಯಾನ, ಗೋಡಿ ಆಚಿಕಿನ ಅಕ್ಕ ನೀರು ತರ್ತಾಳ, ತಿರುಗಿ ಕಳಸು, ಕುಡಿಯೂ ನೀರು ಕುಡ್ಯಾಕಷ್ಟ ಅಂತ."

ಅವನನ್ನು ಬೋರಿನ ನೀರಲ್ಲೇ ತೊಳೆದು ಮಣ್ಣಿಗೆ ಕೊಟ್ಟರು. ಬಿಸಿಲು ಎಷ್ಟಿತ್ತೆಂದರೆ ಸ್ನಾನ ಮಾಡಿಸಿದ ಹಲಗೆ ಅಲ್ಲೇ ಆರಿ ಬೆಳ್ಳಗಾಯಿತು.

ಅವ್ವ ಕೊಡವನ್ನು ಹಾಗೆಯೇ ಹೊತ್ತು ತಂದು ಕಾಕಾನ ಮಷೀನಿನ ಪಕ್ಕದಲ್ಲಿಟ್ಟಳು. ಈ ನೀರನ್ನು ಮುಟ್ಟಬಾರದು ಎಂದುಕೊಂಡೆವು. ಸಂಜೆಯಾಗುವಷ್ಟರಲ್ಲಿ ಇಬ್ಬರಿಗೂ ಗಂಟಲು ಒಣಗಿತ್ತು. ಕುಡಿದೆವು.