ಉಡಿಗೆ ಸಾಲದ ಸೀರೆ

ನಾನು ಒಂದು ಕಾಲಕ್ಕೆ ಅಗದಿ ದಪ್ಪಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಮೊಮ್ಮಕ್ಕಳಂತೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗಲಿ ಬಿಡಿ. ಮೊರಬದ ಆಚೆಗಿನ ನಮ್ಮ ಊರಿನಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಅಲ್ಲಿ ಕಾಳಿನ ಚೀಲ ತೂಗುವ ಕಾಟಾ ಇತ್ತು. ಒಂದು ದಿನ ಬೀಸಲು ಬಂದ ಓಣಿಯ ಹೆಂಗಸರು ಸುಮ್ಮನಿರಲಾರದೆ ನನ್ನನ್ನು ಅದರ ಮೇಲೆ ಹತ್ತಿಸಿದರು. ತುಂಬಿದ ಜೋಳದ ಚೀಲಕ್ಕೂ ನನಗೂ ನಾಲ್ಕೈದು ಕಿಲೋ ಅಂತರ ಬಂತು. ಚೀಲವೇ ಹೆಚ್ಚು, ಪುಣ್ಯ! ಗಿರಣಿಯ ಕಾಕಾ ಕಾಟಾದ ಮುಳ್ಳನ್ನೂ ನನ್ನನ್ನೂ ನೋಡಿ, "ಸಣ್ಣಗ ಬೀಸಲ್ರಿ, ದಪ್ಪಗ ಬೀಸಲ್ರಿ?" ಎಂದ. "ಮೊದಲ ನಿಮ್ಮ ನಾಲಿಗಿ ಹಾಕಿ ಬೀಸ್ರಿ ಕಾಕಾ," ಎಂದು ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ.

ಅದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನನಗೆ ನಿಜವಾಗಿ ಸಂಕಟವಾದದ್ದು ಆ ವರ್ಷದ ಬಿತ್ತಿಗೆಯಲ್ಲಿ. ನಮ್ಮದು ಕರಿಮಣ್ಣಿನ ಎರೆಹೊಲ. ಹಿಂಗಾರಿಯ ಬಿಳಿಜೋಳವನ್ನು ಎತ್ತಿನ ಕೂರಿಗೆಯಿಂದ ಬಿತ್ತುತ್ತಿದ್ದೆವು. ಗಂಡಸಿನ ಕಣ್ಣು ಎತ್ತಿನ ಮೇಲೆ. ಹೆಂಗಸು ಕೂರಿಗೆಯ ಹಿಂದೆ ನಡೆಯುತ್ತ, ಸೆರಗಿನ ಉಡಿಯಲ್ಲಿ ಕಟ್ಟಿಕೊಂಡ ಕಾಳನ್ನು ಮುಷ್ಟಿಯಲ್ಲಿ ಹಿಡಿದು, ಕೂರಿಗೆಯ ಮೇಲಿನ ಮರದ ಬಟ್ಟಲಿಗೆ ಬೆರಳ ಸಂದಿನಿಂದ ಒಂದೇ ಸಮನೆ ಬಿಡುತ್ತ ಹೋಗಬೇಕು. ಬಟ್ಟಲಿನ ತೂತುಗಳಿಂದ ಕಾಳು ಇಳಿದು ಸಾಲಿಗೆ ಬೀಳುತ್ತದೆ. ಕೈ ತಡೆದರೆ ಆ ಕ್ಷಣಕ್ಕೆ ಯಾರಿಗೂ ತಿಳಿಯುವುದಿಲ್ಲ, ಮಣ್ಣು ಮುಚ್ಚಿಕೊಂಡು ಹೋಗುತ್ತದೆ. ವಾರ ಬಿಟ್ಟು ಮೊಳಕೆ ಎದ್ದಾಗ ಮಾತ್ರ ಊರಿಗೆಲ್ಲ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಈ ಕೆಲಸ ಮೊದಲು ಅತ್ತೆಯದು. ಅವರಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ನನ್ನದಾಯಿತು. ಕುಬಿಹಾಳದ ಕಡೆಯ ತವರಿನಲ್ಲಿ ಅವ್ವನ ಹಿಂದೆ ಓಡಾಡಿ ಕಲಿತ ಕೈ ನನ್ನದು. ಲಗ್ನವಾಗಿ ಬಂದ ಮೊದಲ ವರ್ಷವೇ ನನ್ನ ಸಾಲು ನೋಡಿ, ಯಾರನ್ನೂ ಹೊಗಳದ ಅತ್ತೆ, "ಕೈ ಚಲೋ ಐತಿ ಹುಡಗೀದು," ಎಂದು ಬಾಜುದ ಹೊಲದವರಿಗೆ ಕೇಳುವಂತೆ ಹೇಳಿದ್ದರು. ಆ ಮಾತನ್ನು ನಾನು ಕೊರಳಿನ ಬಂಗಾರದ ಬೋರಮಾಳಕ್ಕಿಂತ ಹೆಚ್ಚು ಜೋಪಾನ ಮಾಡಿಕೊಂಡಿದ್ದೆ.

ಮೂರು ಬಾಣಂತಿತನ ಮುಗಿಯಿತು. ಅಂಟಿನುಂಡೆ, ಒಣಕೊಬ್ಬರಿ, ತುಪ್ಪ. ಕೊನೆಯ ಮಗಳು ಓಡಾಡಿ ಜಗಳ ಮಾಡುವಷ್ಟು ದೊಡ್ಡವಳಾದರೂ ಅತ್ತೆ ನನ್ನ ತಾಟಿಗೆ ತುಪ್ಪ ಸುರಿಯುವುದು ನಿಲ್ಲಲಿಲ್ಲ. ಸೊಸೆ ತುಂಬಿಕೊಂಡಿದ್ದರೆ ಮನೆತನಕ್ಕೆ ಶೋಭೆ ಎಂದು ಅವರ ಎಣಿಕೆ. ನಾನೂ ಬೇಡ ಅನ್ನುವವಳಲ್ಲ.

ಆ ವರ್ಷ ಕೂರಿಗೆ ಪೂಜೆ ಮಾಡಿ ಉಡಿ ಕಟ್ಟಲು ಹೋದರೆ, ಸೀರೆ ನನ್ನ ಮೈ ಸುತ್ತಿ ಬರುವಷ್ಟರಲ್ಲೇ ಮುಗಿದುಹೋಗಿತ್ತು. ಉಡಿಗೆ ಉಳಿದದ್ದು ಗೇಣು ಸೆರಗು. ಅದರಲ್ಲಿ ನಾಲ್ಕು ಮುಷ್ಟಿ ಕಾಳು ಹಿಡಿಯಿತು. ಹಸಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಪಾದವೂ ಒಂದೊಂದು ಒರಳುಕಲ್ಲು. ಅರ್ಧ ಸಾಲಿಗೆ ಉಸಿರು ಕಟ್ಟಿತು, ಉಡಿ ಬರಿದಾಯಿತು. ಒಂದು ಕೈಯಲ್ಲಿ ಕೂರಿಗೆ ಹಿಡಿದು ಜೋತುಬಿದ್ದಂತೆ ನಡೆಯುತ್ತಿದ್ದೆ. ಇನ್ನೊಂದು ಕೈ ಬಟ್ಟಲಿನ ಮೇಲಿತ್ತು. ಅದರಲ್ಲಿ ಕಾಳಿಲ್ಲ ಅನ್ನುವುದು ನನಗೇ ಗೊತ್ತಾಗಲಿಲ್ಲ. ಕೊನೆಗೆ ದೊಪ್ಪನೆ ಕುಳಿತುಬಿಟ್ಟೆ. ಮನೆಯವರು ಎತ್ತು ನಿಲ್ಲಿಸಿ ನೀರು ಕುಡಿಸಿದರು. ಆ ಮನುಷ್ಯ ಎಲ್ಲದಕ್ಕೂ ನಗುವವರು, ಅಂದು ನಗಲಿಲ್ಲ.

ಜೋಳ ಎದ್ದಿತು. ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಬೋಳು. ನಮ್ಮ ಹೊಲವೋ ರಸ್ತೆಗೆ ಹತ್ತಿಕೊಂಡೇ ಇರುವಂಥದು. ನವಲಗುಂದದ ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ಕಂಡು, "ಹೊಲದಾಗ ಎಮ್ಮಿ ಹೊರಳ್ಯಾಡಿದ್ವೇನ್ರಿ?" ಎಂದು ಕೇಳಿದರು. ಮುಂದಿನ ವರ್ಷ ಬಿತ್ತಿಗೆಯ ಹಿಂದಿನ ದಿನ ಅತ್ತೆ ಬೀಜದ ಜೋಳವನ್ನು ಓಣಿಯ ಇನ್ನೊಬ್ಬ ಹೆಣ್ಣುಮಗಳ ಕೈಗೆ ಕೊಟ್ಟು, "ನಾಳೆ ನೀ ಬಾ ಯವ್ವಾ," ಎಂದರು. ನನಗೆ, "ನೀ ಮನ್ಯಾಗ ಹೋಳಿಗಿ ಮಾಡು," ಎಂದರು.

ಹೋಳಿಗೆ ಮಾಡಿದೆ. ಕಣ್ಣೀರು ಹೂರಣಕ್ಕೆ ಬೀಳದ ಹಾಗೆ ಸೆರಗಿನಿಂದ ಒರೆಸಿಕೊಳ್ಳುತ್ತ ಮಾಡಿದೆ. ಆ ಉಡಿಯನ್ನು ತಿರುಗಿ ನಾನೇ ಕಟ್ಟಬೇಕು, ಇಲ್ಲದಿದ್ದರೆ ಈ ಮನೆಯಲ್ಲಿ ನಾನು ಬರೇ ಒಲೆಯ ಮುಂದಿನವಳು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಅಷ್ಟು ಮಾಡಿಕೊಂಡು, ಸಿಟ್ಟಿನಲ್ಲಿ ನಾಲ್ಕು ಹೋಳಿಗೆ ತಿಂದೆ!

ತೂಕ ಇಳಿಸಲು ನಮಗೆ ಗೊತ್ತಿದ್ದದ್ದು ಒಂದೇ, ಉಪವಾಸ. ಸೋಮವಾರ ಹಿಡಿದೆ. ಸಾಲದು ಎಂದು ಗುರುವಾರವನ್ನೂ ಹಿಡಿದೆ. ನಮ್ಮ ಉಪವಾಸ ಹೇಗಿರುತ್ತಿತ್ತು ಅಂತೀರಿ? ಮುಂಜಾನೆ ಹಾಲು ಬಾಳೆಹಣ್ಣು, ಮಧ್ಯಾಹ್ನ ಶೇಂಗಾ ಪುಡಿ ಹಾಕಿದ ಸಾಬೂದಾಣಿ ಖಿಚಡಿ, ನಡುವೆ ಬೆಲ್ಲದ ಶೇಂಗಾ ಉಂಡೆ, ರಾತ್ರಿ ದೇವರಿಗೆ ಎಡೆ ಹಿಡಿದು ಹೊಟ್ಟೆ ಬಿರಿಯುವ ಊಟ. ಶ್ರಾವಣ ಮುಗಿಯುವಷ್ಟರಲ್ಲಿ ಕುಪ್ಪಸದ ಹೊಲಿಗೆ ಬಿಚ್ಚಿಸಬೇಕಾಯಿತು. ಮನೆಯವರು, "ಇನ್ನೊಂದು ವಾರ ಹಿಡದಿ ಅಂದ್ರ ಬಾಗಲಾ ಅಗಲ ಮಾಡಿಸಬೇಕಾಗತೈತಿ ನೋಡು," ಎಂದರು. ಉಪವಾಸ ಬಿಟ್ಟೆ. ಶಿವ ಸಿಟ್ಟಾಗಿರಲಿಕ್ಕಿಲ್ಲ.

ದಾರಿ ತೋರಿಸಿದ್ದು ನಮ್ಮ ಎಮ್ಮೆ. ಒಂದು ಸಂಜೆ ಅತ್ತೆ ಮುಸುರೆಯ ಬಕೀಟಿನಲ್ಲಿ ಕೈಯಾಡಿಸಿ ಗೊಣಗಿದರು: "ಬರೇ ನೀರ ಐತಲ್ಲ ಇದರಾಗ. ಆರು ಮಂದಿ ಉಣ್ಣೂ ಮನ್ಯಾಗ ಒಂದು ಒಣರೊಟ್ಟಿ ತುಂಡ ಉಳಿಯೂದಿಲ್ಲಂದ್ರ ಹೆಂಗ? ಎಮ್ಮಿ ಏನ ತಿನಬೇಕು?"

ಕಟ್ಟೆಯ ಮೇಲೆ ಕುಳಿತ ಮನೆಯವರು ಎಮ್ಮೆಯನ್ನು ನೋಡಿದರು, ನನ್ನನ್ನು ನೋಡಿದರು, ಮೀಸೆ ತಿರುವಿದರು. ನನಗೆ ಮೈಯೆಲ್ಲ ಉರಿಯಿತು. "ಏನ್ ನೋಡ್ತೀರಿ? ನಾನೇನ ಎಮ್ಮಿ ಪಾಲಿಂದು ಕಸಗೊಂಡು ತಿಂದೀನಿ?" ಎಂದು ಒಳಗೆ ಹೋದೆ. ಒಲೆಯ ಮುಂದೆ ಕುಳಿತಾಗ ಹೊಳೆಯಿತು. ಹೌದಲ್ಲ! ತಿಂದಿದ್ದೇನೆ.

ನಮ್ಮ ಮನೆಯಲ್ಲಿ ಉಣ್ಣುವುದೆಲ್ಲ ಪ್ರಸಾದ. ತಾಟಿನಲ್ಲಿ ಅಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುವುದು ಪದ್ಧತಿ. ದೊಡ್ಡವರು ಹಾಗೆ ಮಾಡುತ್ತಿದ್ದರು. ಮಕ್ಕಳು ಮಾಡುತ್ತವೆಯೇ? ಅರ್ಧ ರೊಟ್ಟಿ, ಕಲಸಿಟ್ಟ ಅನ್ನ, ಬೇಳೆ ಬಿಟ್ಟು ಆಟಕ್ಕೆ ಓಡುತ್ತಿದ್ದವು. ಕಡೆಗೆ ಉಣ್ಣುವವಳು ನಾನು. ಮೂರು ತಾಟಿನ ಪ್ರಸಾದ ನನ್ನ ಹೊಟ್ಟೆಗೆ. ಅದಾದ ಮೇಲೆ ನನ್ನ ಊಟ. ಅದಕ್ಕೂ ಮೊದಲು ರೊಟ್ಟಿ ಬಡಿಯುವಾಗ ಹಂಚಿನ ಮೇಲಿಂದ ಉಬ್ಬಿ ಬಂದ ಒಂದು ಬಿಸಿ ರೊಟ್ಟಿ, ಬೆಣ್ಣೆ, ಕೆಂಪು ಖಾರ. ಅದು ಊಟದ ಲೆಕ್ಕದಲ್ಲೇ ಇರಲಿಲ್ಲ, ರುಚಿ ನೋಡುವುದು ಅಷ್ಟೇ.

ಮರುದಿನದಿಂದ ಮಕ್ಕಳ ತಾಟಿಗೆ ಕಾಲು ರೊಟ್ಟಿಗಿಂತ ಹೆಚ್ಚು ಹಾಕಲಿಲ್ಲ. "ಇದನ್ನ ಉಂಡು ಆಮ್ಯಾಲೆ ಕೇಳು. ತಾಟ ತೊಳದು ಕುಡದ ಮ್ಯಾಲೆ ಏಳಬೇಕು," ಎಂದೆ. ಮೊದಲು ಅತ್ತವು, ಆಮೇಲೆ ಯಾರು ಮೊದಲು ತೊಳೆದು ಕುಡಿಯುತ್ತಾರೆ ಎಂದು ಪೈಪೋಟಿ ಹಚ್ಚಿದವು. ನನ್ನ ಪಾಲಿಗೆ ನನ್ನ ತಾಟೊಂದೇ ಉಳಿಯಿತು. ಬುಟ್ಟಿಯಲ್ಲಿ ಮಿಕ್ಕ ರೊಟ್ಟಿ ಎಮ್ಮೆಗೆ ಹೋಯಿತು. ಎರಡು ತಿಂಗಳಿಗೆ ಎಮ್ಮೆಯ ಮೈಗೆ ಎಣ್ಣೆ ಹಚ್ಚಿದಂಥ ಹೊಳಪು ಬಂತು, ನನ್ನ ಬಳೆ ಸಡಿಲಾದವು.

ಅಲ್ಲಿಗೆ ಆಸೆ ಹುಟ್ಟಿತು. ಒಮ್ಮೆಲೇ ಏನನ್ನೂ ಬಿಡಲಿಲ್ಲ. ಬಿಟ್ಟರೆ ನನ್ನ ಸಿಟ್ಟು ತಡೆಯಲು ಮನೆಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಮೊದಲು ಬೆಣ್ಣೆ ಬಿಟ್ಟೆ, ಖಾರ ಉಳಿಸಿಕೊಂಡೆ. ಅದು ರೂಢಿಯಾದ ಮೇಲೆ ಚಹಾದ ಸಕ್ಕರೆಯನ್ನು ದಿನಾ ಚಿಟಿಕೆ ಚಿಟಿಕೆ ಕಡಿಮೆ ಮಾಡಿದೆ. ನಮ್ಮ ಕಡೆ ಬಾವಿಯ ನೀರು ಉಪ್ಪು, ಕುಡಿಯಲು ಕೆರೆಯ ನೀರೇ ಬೇಕು. ದಪ್ಪಗಾದ ಮೇಲೆ ಎತ್ತಿನ ಚಕ್ಕಡಿಯಲ್ಲಿ ನೀರಿನ ಬ್ಯಾರಲ್ ತರಿಸುತ್ತಿದ್ದೆ. ಈಗ ಒಂದು ಕೊಡ ಹಿಡಿದು ನಾನೇ ಹೊರಟೆ. ಮೊದಲ ದಿನ ಕೆರೆಯ ಮೆಟ್ಟಿಲ ಮೇಲೆ ನನ್ನ ಉಸಿರು ಕೇಳಿ ಹೆಂಗಸರು, "ಗಿರಣಿ ಇಲ್ಲೇ ಬಂತೇನಽ," ಎಂದರು. ಕುಳಿತು, ಸುಧಾರಿಸಿಕೊಂಡು, ಅವರಿಗೆ ನಾಲ್ಕು ತಿರುಗಿ ಅಂದು, ಕೊಡ ಎತ್ತಿದೆ. ಬೇಸಿಗೆಯ ಹೊತ್ತಿಗೆ ಒಂದರ ಮೇಲೊಂದು ಎರಡು ಕೊಡ ಹೊತ್ತು ಬರುತ್ತಿದ್ದೆ. ಹೊಲಕ್ಕೆ ಬುತ್ತಿ ಒಯ್ಯುವಾಗಲೂ ಚಕ್ಕಡಿ ಹತ್ತುವುದನ್ನು ಬಿಟ್ಟೆ. ಮೊದಲು ಅರ್ಧ ದಾರಿ ನಡೆದೆ, ಕಸ ತೆಗೆಯುವ ಹೊತ್ತಿಗೆ ಪೂರ್ತಿ ದಾರಿ. ಹಾಗೆ ನಡೆಯುವುದರಲ್ಲಿ ಒಂದು ಸುಖವಿತ್ತು. ಕುಸುಬಿ ಹೂ ಬಿಟ್ಟಾಗ ಇಕ್ಕೆಲದಲ್ಲಿ ಹಳದಿಯೋ ಹಳದಿ. ತಲೆಯ ಮೇಲೆ ಬುತ್ತಿಯ ಗಂಟು, ಬೆನ್ನಿಗೆ ಎಳೆಬಿಸಿಲು. ಮನೆಯ ಗದ್ದಲ ಇಲ್ಲ. ಒಬ್ಬಳೇ ಹಾಡಿಕೊಳ್ಳುತ್ತ ಹೋಗುತ್ತಿದ್ದೆ.

ಅತ್ತೆಗೆ ಮಾತ್ರ ಇದು ಬಗೆಹರಿಯದ ತ್ರಾಸು. ಪಂಚಮಿಗೆ ಕರೆಯಲು ಬಂದ ನನ್ನ ಅವ್ವ, ನನ್ನ ಕೊರಳು ಕಂಡು ಪಡಸಾಲೆಯಲ್ಲೇ ಅಳಲು ಕುಳಿತಳು. "ನನ್ನ ಮಗಳಿಗೆ ಹೊಟ್ಟಿಗೆ ಹಾಕವಲ್ರೇನ್ರಿ ಬೀಗತೀ?" ಎಂದಳು. ಅತ್ತೆಯ ಮುಖ ಕೆಂಪಾಯಿತು. ಅವತ್ತು ನನ್ನ ತಾಟಿಗೆ ತುಪ್ಪದ ಗಿಂಡಿಯನ್ನೇ ಬೋರಲು ಹಾಕಲು ಬಂದರು. ನಾನು ಕೈ ಅಡ್ಡ ಹಿಡಿದೆ.

"ಸಾಕ್ರಿ ಅತ್ತಿ."

"ಉಣ್ಣು. ಊರ ಮಂದಿ ಏನಂತಾರ? ಸೊಸೀನ ಉಪಾಸ ಕೆಡವ್ಯಾರ ಅಂತಾರ."

"ಹೊಲ ಬೋಳು ಬಿದ್ದಾಗ ಅಂದಿದ್ದು ಕೇಳ್ಲಿಲ್ಲೇನ್ರಿ? ಅದಕ್ಕಿಂತ ಇದು ಚಲೋ."

ಅತ್ತೆ ಗಿಂಡಿ ಕೆಳಗಿಟ್ಟರು. ನಾನು ಯಾತಕ್ಕಾಗಿ ಇಷ್ಟೆಲ್ಲ ಮಾಡುತ್ತಿದ್ದೇನೆ ಎನ್ನುವುದು ಆಗ ಅವರಿಗೆ ತಿಳಿಯಿತು ಅಂತ ಕಾಣುತ್ತದೆ. ಆದರೆ ಹೂಂ ಅನ್ನಲಿಲ್ಲ. ಆ ವರ್ಷವೂ ಬಿತ್ತಲು ಓಣಿಯ ಹೆಣ್ಣುಮಗಳೇ ಬಂದಳು. ನಾನು ಮತ್ತೆ ಹೋಳಿಗೆ ಮಾಡಿದೆ. ಈ ಸಲ ಒಂದೇ ತಿಂದೆ, ಹಾಲು ಹಾಕಿಕೊಂಡು, ನಿಧಾನವಾಗಿ, ರುಚಿ ಹತ್ತುವಂತೆ.

ಇನ್ನೊಂದು ವರ್ಷ ಉರುಳಿತು. ಗಿರಣಿಗೆ ಹೋದಾಗ ನಾನೇ ಕಾಟಾ ಹತ್ತಿ ನಿಂತೆ. ಕಾಕಾ ಮುಳ್ಳು ನೋಡಿ ಕನ್ನಡಕ ಒರೆಸಿಕೊಂಡ. "ಚೀಲ ಹರದು ಕಾಳ ಸೋರಿಹೋಗ್ಯಾವಲ್ಲವಾ ತಂಗಿ!" ಎಂದ. ಮೂರರಲ್ಲಿ ಒಂದು ಪಾಲು ಇಳಿದಿದ್ದೆ. ಅಂದು ಹಿಟ್ಟಿನ ಡಬ್ಬಿ ಹೊತ್ತು ಬರುವಾಗ ನಡಿಗೆಗೇ ಒಂದು ಗತ್ತು ಬಂದಿತ್ತು.

ಉತ್ತರಿ ಮಳೆ ಬಿದ್ದು ಹೊಲ ಹದಕ್ಕೆ ಬಂತು. ಅತ್ತೆ ಬೀಜದ ಜೋಳ ಕೇರುತ್ತ ಕುಳಿತಿದ್ದರು. ಎದುರಿಗೆ ಹೋಗಿ ನಿಂತೆ. "ಈ ಸಲ ಉಡಿ ನಾ ಕಟ್ಟತೀನ್ರಿ ಅತ್ತಿ."

ಮೊರದಿಂದ ತಲೆ ಎತ್ತದೆ ಅವರು ಹೇಳಿದರು: "ಮತ್ತ ಬೋಳು ಬಿದ್ರ?"

"ಬಿದ್ರ ಮತ್ತೆಂದೂ ಕೇಳೂದಿಲ್ರಿ."

ಬಹಳ ಹೊತ್ತು ಕೇರಿದರು. ಕಡೆಗೆ ಮೊರ ನನ್ನ ಕಡೆ ಸರಿಸಿ, "ನಾ ಮಾತ್ರ ಹೊಲಕ್ಕ ಬರೂದಿಲ್ಲವಾ. ಕಣ್ಣಿಲೆ ನೋಡಿ ಹೊಟ್ಟಿ ಉರಸ್ಕೊಳ್ಳೂದು ಯಾವ ಸುಖಕ್ಕ?" ಎಂದರು.

ಮರುದಿನ ಸೀರೆ ಸುತ್ತಿ, ಸೆರಗು ಎಳೆದು ಉಡಿ ಕಟ್ಟಿದೆ. ಎರಡು ಸೇರು ಜೋಳ ಸುಖವಾಗಿ ಕುಳಿತವು. ಮನೆಯವರು ಅದನ್ನು ನೋಡಿ, "ಹೂಂ, ನಡಿ. ಹೋಗೂಣು," ಎಂದರು. ಎತ್ತು ಎಳೆದವು. ಮಣ್ಣು ಕಾಲಿಗೆ ಮೆತ್ತಿತು, ಕೊಡವಿ ನಡೆದೆ. ಮೊದಲ ಸಾಲಿನಲ್ಲಿ ಎಣಿಸಿದಂತೆ ಕಾಳು ಬಿಟ್ಟೆ, ಎರಡನೆಯದರಲ್ಲಿ ಬೆರಳಿಗೆ ಹಳೆಯ ಅಭ್ಯಾಸ ನೆನಪಾಯಿತು. ಆಮೇಲೆ ನಾನು ನಡೆಯುತ್ತಿದ್ದೇನೆ ಅನ್ನುವುದನ್ನೇ ಮರೆತೆ. ಮಧ್ಯಾಹ್ನ ಬುತ್ತಿ ಉಂಡು ಮತ್ತೆ ಹೂಡಿದೆವು. ಹೊತ್ತು ಇಳಿಯುವಾಗ ಹೊಲದ ಆ ತುದಿಯಿಂದ ತಿರುಗಿ ಬರುತ್ತಿದ್ದೆ, ಕಣ್ಣು ಯಾಕೋ ಬದುವಿನ ಕಡೆ ಹೋಯಿತು. ಕೋಲೂರಿಕೊಂಡು ಯಾರೋ ನಿಂತಿದ್ದರು.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ, ಏನೂ ಗೊತ್ತಿಲ್ಲದವರಂತೆ ಕುಳಿತಿದ್ದರು. ಅವರ ಸೀರೆಯ ಅಂಚಿಗೆ ಕರಿಮಣ್ಣು ಹತ್ತಿತ್ತು.

ವಾರ ದಾಟಿತು. ಒಂದು ಮುಂಜಾನೆ ಅವರೇ, "ಚಕ್ಕಡಿ ಹೂಡಸು, ಜೋಳ ನೋಡಿ ಬರೂಣು," ಎಂದರು. ಅವರು ಚಕ್ಕಡಿಯಲ್ಲಿ, ನಾನು ಹಿಂದೆ ನಡೆದು. ದೂರದಿಂದಲೇ ಹಸಿರು ಗೆರೆಗಳು ಕಂಡವು. ಕರಿನೆಲದ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒತ್ತಾಗಿ, ನೆಟ್ಟಗೆ. ಅತ್ತೆ ಇಳಿದು ಕೋಲೂರುತ್ತ ಒಂದೊಂದು ಸಾಲನ್ನೂ ಕಣ್ಣಳತೆಯಲ್ಲೇ ನೋಡುತ್ತ ಹೋದರು. ನಾನು ಬೆನ್ನಿಗೆ ನಡೆದೆ. ಬದುವಿನ ಹತ್ತಿರ ಬಂದಾಗ ಅವರ ಕೋಲು ನಿಂತಿತು. ಸಾಲಿನಲ್ಲಿ ಮೊಳದಷ್ಟು ಬೋಳು.

"ಇಲ್ಲೇನಾತು?"

ಇದ್ದದ್ದನ್ನೇ ಹೇಳಿದೆ. "ಅಲ್ಲಿ ಬಂದಾಗ ನೀವು ಬದುವಿನ ಮ್ಯಾಲೆ ನಿಂತದ್ದು ಕಂಡ್ತ್ರಿ ಅತ್ತಿ. ಕೈ ನಿಂತತು."

ಅತ್ತೆ ನನ್ನನ್ನು ನೋಡಿದರು, ಬೋಳನ್ನು ನೋಡಿದರು. ಆಮೇಲೆ ತಮ್ಮ ಉಡಿಯ ಗಂಟು ಬಿಚ್ಚಿದರು. ಅದರಲ್ಲಿ ಸೇರಿನಷ್ಟು ಬೀಜದ ಜೋಳವಿತ್ತು. ಬೋಳು ಬಿದ್ದಲ್ಲೆಲ್ಲ ತಾವೇ ಚುಚ್ಚಿ ಹಾಕಲೆಂದು, ಯಾರಿಗೂ ಹೇಳದೆ ಮನೆಯಿಂದ ಕಟ್ಟಿಕೊಂಡು ಬಂದಿದ್ದರು.

"ಹಂಗಾರ ಇದು ನಂದು," ಎಂದರು.

ನಾನು ಬೇಡ ಅಂದರೂ ಕೇಳದೆ, ಮಡಚಲು ತ್ರಾಸಾಗುವ ಮೊಣಕಾಲು ಊರಿ ಕುಳಿತು, ಹಸಿ ನೆಲಕ್ಕೆ ಬೆರಳು ಚುಚ್ಚಿ ಕಾಳು ಹಾಕಿ ಮುಚ್ಚಿದರು. ಹತ್ತು ಹನ್ನೆರಡು ಕಾಳು ಖರ್ಚಾಗಿರಬೇಕು. ನಾನು ಕೈ ಹಿಡಿದು ಎಬ್ಬಿಸಿದೆ. ಎದ್ದು ನಿಂತು, ಉಳಿದ ಜೋಳವನ್ನು ನೋಡಿಕೊಂಡು, "ಇಷ್ಟನ್ನ ಏನ ಮಾಡ್ಲಿ? ಹಿಡಿ ನಿನ್ನ ಉಡಿ," ಎಂದರು.

ಸೆರಗು ಚಾಚಿದೆ. ಎಲ್ಲ ಸುರಿದರು. ಎಲ್ಲ ಹಿಡಿಯಿತು, ಇನ್ನೂ ಸೀರೆ ಮಿಕ್ಕಿತ್ತು.